ಮೊದಲು ಬಚ್ಚಲು, ಆಮೇಲೆ ಬೋರು, ಕೊನೆಗೆ ಬಲ್ಬು: ಕೋಲಾರದ ಮನೆಗಳಲ್ಲಿ ಕರೆಂಟ್ ಉಳಿಸುವ ಬಗೆ

ಕರೆಂಟ್ ಉಳಿಸಬೇಕು ಅಂದ ಕೂಡಲೇ ಎಲ್ಲರ ಕೈಯೂ ಲೈಟಿನ ಸ್ವಿಚ್ಚಿಗೇ ಹೋಗುತ್ತದೆ. ಒಳ್ಳೆ ಅಭ್ಯಾಸವೇ, ಬೇಡ ಅನ್ನಲ್ಲ. ಆದರೆ 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ದಾಟುವುದಿಲ್ಲ. ಅದೇ ಮನೆಯ ಬಚ್ಚಲಲ್ಲಿ ನಾಲ್ಕು ಜನರ ಸ್ನಾನಕ್ಕೆ ಗೀಸರ್ ನೀರು ಕಾಯಿಸಿದರೆ ತಿಂಗಳಿಗೆ 55-60 ಯೂನಿಟ್ ಹೋಗುತ್ತದೆ. ಲೈಟ್ ಆರಿಸು ಅಂತ ಮಕ್ಕಳನ್ನು ಗದರಿ, ಗೀಸರ್ ಆನ್ ಮಾಡಿಟ್ಟು ಪೇಪರ್ ಓದುತ್ತಾ ಕೂರುವ ಮನೆಗಳೇ ಜಾಸ್ತಿ.

ನಮ್ಮ ಕೋಲಾರ ಜಿಲ್ಲೆಗೆ ಇನ್ನೊಂದು ಲೆಕ್ಕವೂ ಇದೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕುಡಿಯುವ, ತೊಳೆಯುವ ನೀರು ಬಹುಪಾಲು ಬೋರ್‌ವೆಲ್ಲಿನಿಂದಲೇ ಮೇಲೆ ಬರಬೇಕು, ಅದೂ ಸಾವಿರ ಅಡಿ ಆಳದಿಂದ. ಹಾಗಾಗಿ ಇಲ್ಲಿ ನೀರು ಪೋಲಾದರೆ ಕರೆಂಟೂ ಪೋಲು. ಮಂಗಳೂರಿನವರಿಗೋ ಶಿವಮೊಗ್ಗದವರಿಗೋ ಹೇಳುವ ಸಲಹೆಗಳ ಪಟ್ಟಿಯನ್ನೇ ನಾವೂ ಹಿಡಿದುಕೊಂಡರೆ ಅರ್ಧ ಕೆಲಸ ತಪ್ಪಿಹೋಗುತ್ತದೆ.

ಫ್ರೀ ಇದ್ದರೂ ಯಾಕೆ ಉಳಿಸಬೇಕು?

"ಗೃಹಜ್ಯೋತಿ ಇದೆಯಲ್ಲ, ಬಿಲ್ಲು ಸೊನ್ನೆ ಬರುತ್ತೆ, ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ಳೋದು?" ಎಂದು ಕೇಳುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ 2023ರ ಜುಲೈನಲ್ಲಿ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಅಂತ ಇಲ್ಲ. 2022-23ರಲ್ಲಿ ನಿಮ್ಮ ಮನೆ ಬಳಸಿದ ಸರಾಸರಿ, ಅದರ ಮೇಲೆ ಶೇ. 10, ಅಷ್ಟೇ ನಿಮ್ಮ ಪಾಲು. ತೀರಾ ಕಡಿಮೆ ಬಳಸುವವರಿಗೆ ಮಾತ್ರ ಶೇ. 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ನಿಮ್ಮ ಪಾಲು ದಾಟಿದರೆ ಹೆಚ್ಚಿನ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಅಷ್ಟಕ್ಕೂ ಕಟ್ಟಬೇಕು. ಅಂದರೆ 199 ಯೂನಿಟ್ಟಿಗೂ 201 ಯೂನಿಟ್ಟಿಗೂ ನಡುವೆ ಸಾವಿರಕ್ಕೂ ಹೆಚ್ಚು ರೂಪಾಯಿ ವ್ಯತ್ಯಾಸ ಬಂದುಬಿಡಬಹುದು. ಬೇಸಿಗೆಯಲ್ಲಿ ಈ ಗೆರೆಯ ಹತ್ತಿರ ಬರುವ ಮನೆಗಳು ತುಂಬಾ ಇವೆ.

ದುಡ್ಡಿನ ಮಾತು ಬಿಡಿ. ಬಿಲ್ಲು ಸೊನ್ನೆ ಬಂದರೂ ಕಲ್ಲಿದ್ದಲು ಉರಿಯುವುದು ಉರಿಯುತ್ತಲೇ ಇರುತ್ತದೆ. ರಾಯಚೂರು, ಬಳ್ಳಾರಿಯ ಸ್ಥಾವರಗಳು ಕಲ್ಲಿದ್ದಲಿನಿಂದಲೇ ನಡೆಯುವುದು. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಈ 0.7 ಅನ್ನೋ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 1: ಮೀಟರ್ ಮುಂದೆ ಹತ್ತು ನಿಮಿಷ ನಿಲ್ಲಿ

ಯಾವುದನ್ನೂ ಕೊಳ್ಳುವ ಮುಂಚೆ ಮೀಟರ್ ನೋಡುವುದನ್ನು ಕಲಿಯಿರಿ. ಡಿಜಿಟಲ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಒಂದು ಅಂಕಿ ಮುದ್ರಿಸಿರುತ್ತಾರೆ. ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಖರ್ಚಾಯಿತು ಅಂತ ಅರ್ಥ.

ರಾತ್ರಿ ಊಟ ಆದ ಮೇಲೆ ಫ್ರಿಜ್ಜಿನ ಪ್ಲಗ್ ತೆಗೆಯಿರಿ. ಫ್ಯಾನು, ಲೈಟು, ಟಿವಿ ಎಲ್ಲ ನೀವು ದಿನಾ ಆರಿಸುವ ಹಾಗೆಯೇ ಆರಿಸಿ. ಟಿವಿಯನ್ನು ರಿಮೋಟಿನಲ್ಲಿ ಆರಿಸುವವರು ರಿಮೋಟಿನಲ್ಲೇ ಆರಿಸಿ, ಅವತ್ತು ಮಾತ್ರ ಸ್ವಿಚ್ ಹಾಕಿ ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ. ಈಗ ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ದೀಪ ಎಷ್ಟು ಸಲ ಮಿಣುಕಿತು ಎಣಿಸಿ. 3200ರ ಮೀಟರಿನಲ್ಲಿ ನಿಮಿಷಕ್ಕೆ ಒಂದು ಸಲ ಮಿಣುಕಿದರೆ ಸುಮಾರು 19 ವ್ಯಾಟ್. ಏನೂ ಓಡದೇ ಇರುವಾಗ ಎರಡು ಸಲ ಮಿಣುಕಿದರೆ 38 ವ್ಯಾಟ್ ಎಲ್ಲೋ ಸೋರುತ್ತಿದೆ. ಇಡೀ ತಿಂಗಳಿಗೆ ಅದು 27 ಯೂನಿಟ್.

ಎಲ್ಲಿ ಸೋರುತ್ತೆ? ಮೊದಲ ಅನುಮಾನ ಸೆಟ್‌ಟಾಪ್ ಬಾಕ್ಸಿನ ಮೇಲೆ ಇರಲಿ. ಟಿವಿ ಆರಿದ್ದರೂ ಅದು ಬೆಚ್ಚಗೇ ಇರುತ್ತದೆ, ಕೈಯಿಟ್ಟು ನೋಡಿ. 10 ವ್ಯಾಟ್ ಎಳೆದರೂ ತಿಂಗಳಿಗೆ 7 ಯೂನಿಟ್. ಎರಡನೆಯ ಅನುಮಾನ ಯುಪಿಎಸ್ ಮೇಲೆ. ಪದೇ ಪದೇ ಕರೆಂಟ್ ಹೋಗುವ ಕಡೆ ಯುಪಿಎಸ್ ಇಲ್ಲದೆ ಆಗುವುದಿಲ್ಲ, ನಿಜ. ಆದರೆ ಹಳೇ ಬ್ಯಾಟರಿ ಎಷ್ಟು ಚಾರ್ಜ್ ಆದರೂ ತುಂಬುವುದಿಲ್ಲ, ಸುಮ್ನೆ ಎಳೆಯುತ್ತಲೇ ಬಿಸಿಯಾಗುತ್ತದೆ. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಅದನ್ನು ತುಂಬಿದ ಮೇಲೂ ಬ್ಯಾಟರಿ ಸದಾ ಬಿಸಿಯಾಗಿಯೇ ಇದ್ದರೆ ಮೆಕ್ಯಾನಿಕ್‌ಗೆ ತೋರಿಸುವ ಕಾಲ ಬಂದಿದೆ.

ಇದೇ ಲೆಕ್ಕದಲ್ಲಿ ಒಂದೊಂದೇ ವಸ್ತು ಹಾಕಿ ಎಣಿಸುತ್ತಾ ಹೋದರೆ ಮನೆಯಲ್ಲಿ ಯಾರು ಎಷ್ಟು ತಿನ್ನುತ್ತಾರೆ ಅನ್ನೋದು ಒಂದು ಸಂಜೆಯಲ್ಲಿ ಗೊತ್ತಾಗುತ್ತದೆ. ಸ್ಕೂಲಿಗೆ ಹೋಗುವ ಮಕ್ಕಳಿಗೆ ಈ ಕೆಲಸ ಕೊಡಿ, ಬಿಟ್ಟು ಬರಲ್ಲ ಅಂತಾರೆ.

ಹೆಜ್ಜೆ 2: ಬಚ್ಚಲು

ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಕಾಯಿಲ್ ಹಾಕಿ, ಗೀಸರ್ ಹಾಕಿ, ಈ ಲೆಕ್ಕ ತಪ್ಪಿಸೋಕಾಗಲ್ಲ. ನಾಲ್ಕು ಜನ, ನಾಲ್ಕು ಬಕೆಟ್, ದಿನಕ್ಕೆ 2 ಯೂನಿಟ್. ತಿಂಗಳಿಗೆ 60 ಯೂನಿಟ್, ಆಗಲೇ ಹೇಳಿದ 0.7ರ ಲೆಕ್ಕದಲ್ಲಿ ಸುಮಾರು 42 ಕೆಜಿ ಇಂಗಾಲದ ಡೈಆಕ್ಸೈಡ್. 14.2 ಕೆಜಿಯ ಒಂದು ತುಂಬಿದ ಗ್ಯಾಸ್ ಸಿಲಿಂಡರ್ ಪೂರ್ತಿ ಉರಿಸಿದರೂ ಹೊರಬರುವುದು ಹೆಚ್ಚುಕಡಿಮೆ ಅಷ್ಟೇ! ಒಂದು ತಿಂಗಳ ಸ್ನಾನ ಅಂದರೆ ಒಂದು ಸಿಲಿಂಡರ್ ಅಂದುಕೊಳ್ಳಿ.

ದುಡ್ಡು ಖರ್ಚಿಲ್ಲದೆ ಮಾಡಬಹುದಾದ್ದು ಇಷ್ಟು. ಷವರ್ ಬಿಟ್ಟು ಬಕೆಟ್ಟಿಗೆ ಬನ್ನಿ. ಷವರಿನಲ್ಲಿ ಐದು ನಿಮಿಷ ನಿಂತರೆ 40 ಲೀಟರ್ ಸುಲಭವಾಗಿ ಹೋಗುತ್ತದೆ. 15 ಲೀಟರಿನ, 2000 ವ್ಯಾಟಿನ ಗೀಸರ್ ಕಾಯಲು 15-20 ನಿಮಿಷ ಸಾಕು, ಅದಕ್ಕೆ ಮುಕ್ಕಾಲು ಗಂಟೆ ಮುಂಚೆ ಹಾಕಬೇಡಿ. ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿದರೆ ಕಾದ ನೀರು ಆರಿ ಮತ್ತೆ ಕಾಯಿಸುವುದು ತಪ್ಪುತ್ತದೆ. ಹೊರಗಡೆ ತಿರುಪು ಇರುವ ಗೀಸರ್ ಆದರೆ ಉಷ್ಣತೆಯನ್ನು 50ಕ್ಕೆ ಇಳಿಸಿ.

ನಮ್ಮ ಕಡೆಯ ಬೋರ್ ನೀರು ಗಡಸು. ಗೀಸರಿನ ಕಾಯಿಲ್ ಮೇಲೆ ಬೆಳ್ಳಗೆ ಉಪ್ಪು ಕಟ್ಟುತ್ತದೆ. ನೀರು ಜಾಸ್ತಿ ಬಿಸಿಯಾದಷ್ಟೂ ಜಾಸ್ತಿ ಕಟ್ಟುತ್ತದೆ. ಪದರ ದಪ್ಪ ಆದಂತೆ ಕಾಯಿಲ್‌ನ ಶಾಖ ನೀರಿಗೆ ದಾಟುವುದು ನಿಧಾನವಾಗಿ, ಕಾಯಿಲ್ ತಾನೇ ಕಾದು ಸುಟ್ಟುಹೋಗುತ್ತದೆ. ಮೊದಲು 15 ನಿಮಿಷಕ್ಕೆ ಕಾಯುತ್ತಿದ್ದ ಗೀಸರ್ ಈಗ ಅರ್ಧ ಗಂಟೆ ತಗೊಳ್ಳುತ್ತಿದೆಯಾ? ಒಳಗಿಂದ ಕೊತಕೊತ ಸದ್ದು ಬರುತ್ತಾ? ಬಿಚ್ಚಿಸಿ, ಕಾಯಿಲ್ ಕ್ಲೀನ್ ಮಾಡಿಸಿ. ನಮ್ಮ ನೀರಿಗೆ ವರ್ಷಕ್ಕೊಂದು ಸಲ ಮಾಡಿಸಿದರೆ ಒಳ್ಳೆಯದು.

ಸ್ವಂತ ಮನೆ, ತಾರಸಿ ಇದ್ದವರಿಗೆ ನನ್ನ ಸಲಹೆ ನೇರ. ಬೇರೆ ಏನು ಮಾಡದಿದ್ದರೂ ಸೋಲಾರ್ ವಾಟರ್ ಹೀಟರ್ ಹಾಕಿಸಿ. 100 ಲೀಟರಿನದು ಮೂರು ಜನಕ್ಕೆ ಸಾಕು, ಹಿತವಾಗಿ ಬಳಸಿದರೆ ನಾಲ್ಕು ಜನಕ್ಕೂ ಆಗುತ್ತದೆ. ಬಿಸಿಲಿಗೇನು ನಮ್ಮಲ್ಲಿ ಬರವಿಲ್ಲ. ಹಾಕಿಸುವಾಗ ದಕ್ಷಿಣಕ್ಕೆ ಮುಖ ಮಾಡಿದೆಯಾ, ತೆಂಗಿನ ಮರದ್ದೋ ಪಕ್ಕದ ಮನೆಯದ್ದೋ ನೆರಳು ಬೀಳುತ್ತಾ ನೋಡಿ. ಕೆಳಗಿಳಿಯುವ ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ. ಕೊಳಾಯಿ ತಿರುಗಿಸಿದಾಗ ಮೊದಲು ಬರುವ ತಣ್ಣೀರನ್ನು ಮೋರಿಗೆ ಬಿಡದೆ ಇನ್ನೊಂದು ಬಕೆಟ್ಟಿಗೆ ಹಿಡಿಯಿರಿ. ಇನ್ನೊಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಎಷ್ಟೋ ಸೋಲಾರ್ ಟ್ಯಾಂಕಿನೊಳಗೆ ಮೋಡದ ದಿನಕ್ಕೆ ಅಂತ ಒಂದು ಕರೆಂಟ್ ಕಾಯಿಲ್ ಇರುತ್ತದೆ. ಆಷಾಢದಲ್ಲಿ ಹಾಕಿದ ಆ ಸ್ವಿಚ್ಚನ್ನು ದೀಪಾವಳಿಯವರೆಗೂ ಆರಿಸದೆ ಬಿಟ್ಟಿರುತ್ತಾರೆ. ಸೋಲಾರ್ ಇದ್ದೂ ಬಿಲ್ಲು ಇಳಿಯಲಿಲ್ಲ ಅನ್ನುವವರು ಮೊದಲು ಅದನ್ನು ನೋಡಿ.

ಗ್ಯಾಸ್ ಗೀಸರ್ ಹೇಗೆ ಅಂತ ಕೆಲವರು ಕೇಳುತ್ತಾರೆ. ಕಲ್ಲಿದ್ದಲಿನ ಕರೆಂಟಿಗೆ ಹೋಲಿಸಿದರೆ ಇಂಗಾಲ ಕಡಿಮೆಯೇ. ಆದರೆ ಬಾಗಿಲು ಹಾಕಿದ ಬಚ್ಚಲೊಳಗೆ ಅದು ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ. ಹಾಕಿಸಲೇಬೇಕು ಅಂದರೆ ಬಚ್ಚಲಿನ ಹೊರಗೆ, ಗಾಳಿ ಆಡುವ ಜಾಗದಲ್ಲಿ ಹಾಕಿಸಿ. ಇನ್ನು ಹಂಡೆ ಒಲೆ. ಸೌದೆಗೆ, ತೆಂಗಿನ ಗರಿಗೆ ದುಡ್ಡು ಕೊಡಬೇಕಿಲ್ಲ ಅನ್ನೋದು ಸರಿ. ಹೊಗೆ ಎಳೆಯುವ ಚಿಮಣಿ ಇಲ್ಲದಿದ್ದರೆ ಅದರ ಬೆಲೆ ಕೊಡುವುದು ಒಲೆ ಮುಂದೆ ಕೂತವರ ಎದೆ.

ಹೆಜ್ಜೆ 3: ಬೋರು, ಸಂಪು, ಸಿಂಟೆಕ್ಸು

1000 ಲೀಟರ್ ನೀರನ್ನು 1000 ಅಡಿಯಿಂದ, ಅಂದರೆ 300 ಮೀಟರಿನಿಂದ ಮೇಲೆತ್ತಲು ಭೌತಶಾಸ್ತ್ರದ ಲೆಕ್ಕದಲ್ಲಿ 0.8 ಯೂನಿಟ್ ಬೇಕು. ಮೋಟಾರು, ಪಂಪು, ಪೈಪಿನಲ್ಲಿ ಹೋಗುವ ನಷ್ಟ ಸೇರಿಸಿದರೆ ಅದು 2 ಯೂನಿಟ್ ಆಸುಪಾಸಿಗೆ ಬರುತ್ತದೆ. ಈ ಲೆಕ್ಕಕ್ಕೆ ಬೋರಿನ ಆಳ ಮುಖ್ಯ ಅಲ್ಲ, ಒಳಗೆ ನೀರು ನಿಂತಿರುವ ಮಟ್ಟ ಮುಖ್ಯ. ಆ ಮಟ್ಟದಿಂದ ಬಂದ ಒಂದು ಬಿಂದಿಗೆ ನೀರು, 15 ಲೀಟರ್ ಅಂದುಕೊಳ್ಳಿ, ಉಕ್ಕಿ ಮೋರಿ ಸೇರಿದರೆ 9 ವ್ಯಾಟಿನ ಬಲ್ಬನ್ನು ಮೂರು ಗಂಟೆಗೂ ಹೆಚ್ಚು ಹೊತ್ತು ಸುಮ್ಮನೆ ಉರಿಸಿದ ಹಾಗೆ. ಮೇಲಿನ ಟ್ಯಾಂಕ್ ತುಂಬಿ ಹತ್ತು ನಿಮಿಷ ಗೋಡೆ ಮೇಲೆ ನೀರು ಸುರಿಯುತ್ತಿದ್ದರೂ "ಮೋಟ್ರು ಆರಿಸ್ರೋ" ಅಂತ ಯಾರೋ ಬೀದಿಯವರು ಕೂಗಬೇಕು, ಅಲ್ವಾ?

ನಿಮ್ಮ ಮನೆಗೆ ನಗರಸಭೆ ನೀರೋ ಟ್ಯಾಂಕರ್ ನೀರೋ ಬರುತ್ತಿದ್ದರೆ ಈ ಕರೆಂಟ್ ನಿಮ್ಮ ಬಿಲ್ಲಿನಲ್ಲಿ ಕಾಣುವುದಿಲ್ಲ. ಬೇರೆ ಯಾರದ್ದೋ ಮೀಟರಿನಲ್ಲಿ ಓಡಿರುತ್ತದೆ. ಟ್ಯಾಂಕರ್ ಆದರೆ ಅದರ ಮೇಲೆ ಡೀಸೆಲ್ಲೂ ಸೇರಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದೂ ಪಂಪಿನಲ್ಲೇ ಬರುವುದು. ಒಟ್ಟಿನಲ್ಲಿ ಕರೆಂಟ್ ಇಲ್ಲದೆ ಕೋಲಾರಕ್ಕೆ ಬರುವ ನೀರು ಒಂದೇ, ಮಳೆ.

ಮಾಡಬೇಕಾದ್ದು:

ಸಂಪಿನಿಂದ ಮೇಲಕ್ಕೆ ಎತ್ತುವ ಮೋಟಾರಿಗೆ ಆಟೊಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿ. ಟ್ಯಾಂಕ್ ತುಂಬಿದರೆ ತಾನೇ ನಿಲ್ಲುತ್ತದೆ, ಸಂಪು ಬರಿದಾದರೂ ನಿಲ್ಲುತ್ತದೆ, ಮೋಟಾರು ಸುಡುವುದೂ ತಪ್ಪುತ್ತದೆ.

ಸ್ವಂತ ಬೋರ್ ಇದ್ದರೆ ಒಂದು ಪರೀಕ್ಷೆ ಮಾಡಿ. ಮೀಟರ್ ಓದಿ ಬರೆದುಕೊಳ್ಳಿ. 1000 ಲೀಟರ್ ಸಿಂಟೆಕ್ಸ್ ಖಾಲಿಯಿಂದ ತುಂಬಿಸಿ. ಮತ್ತೆ ಓದಿ. ಈ ಅಂಕಿಯನ್ನು ಮೀಟರ್ ಬೋರ್ಡಿನ ಮೇಲೇ ಪೆನ್ಸಿಲಿನಲ್ಲಿ ತಾರೀಕು ಹಾಕಿ ಬರೆದಿಡಿ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ. ಅಂಕಿ ಏರುತ್ತಿದ್ದರೆ ಕಾರಣ ಮೂರರಲ್ಲಿ ಒಂದು: ಒಳಗೆ ನೀರಿನ ಮಟ್ಟ ಇಳಿದಿದೆ, ಪಂಪಿನ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸವೆದಿದೆ, ಇಲ್ಲವೇ ಪೈಪಿನಲ್ಲಿ ತೂತಾಗಿ ಎತ್ತಿದ ನೀರು ಬೋರಿಗೇ ವಾಪಸ್ ಬೀಳುತ್ತಿದೆ. ಮೂರನೆಯದು ಆಗಿದ್ದರೆ ಮೋಟಾರು ಎಂದಿನ ಹಾಗೇ ಸದ್ದು ಮಾಡುತ್ತದೆ, ಕೊಳಾಯಿ ಮಾತ್ರ ಸೊರಗಿರುತ್ತದೆ.

ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರನ್ನು ನೆಲ ಒರೆಸಲು, ಕಕ್ಕಸಿಗೆ ಬಳಸಿ. ಗಿಡಗಳಿಗೆ ಹಾಕಲು ಹೋಗಬೇಡಿ, ಉಪ್ಪು ಜಾಸ್ತಿ ಇರುತ್ತದೆ.

ಮಳೆ ನೀರು ಹಿಡಿಯಿರಿ. ಜಿಲ್ಲೆಯಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. 1000 ಚದರಡಿ ತಾರಸಿಯ ಮೇಲೆ ಬೀಳುವುದರಲ್ಲಿ ಶೇ. 80 ಹಿಡಿದರೂ 50 ಸಾವಿರ ಲೀಟರ್. ಸಾವಿರ ಅಡಿಯಿಂದ ಅಷ್ಟು ನೀರು ಎತ್ತಲು ಬೇಕಾಗುವ 100 ಯೂನಿಟ್ ಉಳಿಯಿತು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವ್ಯವಸ್ಥೆ, ಒಂದು ಜಲ್ಲಿ-ಮರಳಿನ ಸೋಸುವ ಡ್ರಮ್, ಅಷ್ಟಿದ್ದರೆ ಸಂಪಿಗೇ ಬಿಡಬಹುದು. ಹೆಚ್ಚಾದದ್ದು ಬೋರಿನ ಪಕ್ಕದ ಇಂಗುಗುಂಡಿಗೆ ಹೋಗಲಿ.

ಹೆಜ್ಜೆ 4: ಫ್ರಿಜ್

ಮನೆಯಲ್ಲಿ ರಜೆ ಇಲ್ಲದೆ ದುಡಿಯುವುದು ಇದೊಂದೇ. ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ ನೋಡಿ. ಒಂದು ಹಾಳೆಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸರಾಗವಾಗಿ ಬಂದರೆ ತಂಪು ಅಲ್ಲೇ ಸೋರುತ್ತಿದೆ. ಹೊಸ ರಬ್ಬರಿಗೆ ಆಗುವ ಖರ್ಚು ಹೊಸ ಫ್ರಿಜ್ಜಿನ ಮುಂದೆ ಏನೂ ಅಲ್ಲ. ಹಿಂದಿನ ಗೋಡೆಗೂ ಫ್ರಿಜ್ಜಿಗೂ ನಡುವೆ ಒಂದು ಗೇಣು ಜಾಗ ಬಿಡಿ. ಒಂದೇ ಬಾಗಿಲಿನ ಫ್ರಿಜ್ ಆದರೆ ಐಸ್ ದಪ್ಪ ಕಟ್ಟುವ ಮುಂಚೆ ಡಿಫ್ರಾಸ್ಟ್ ಮಾಡಿ. ಬಿಸಿ ಸಾರಿನ ಪಾತ್ರೆ ಆರಿದ ಮೇಲೇ ಒಳಗಿಡಿ.

ಹೊಸ ಫ್ರಿಜ್ ಬಂದಾಗ ಹಳೆಯದನ್ನು "ನೀರಿಗೆ, ಹಾಲಿಗೆ ಇರಲಿ" ಅಂತ ಹಜಾರದಲ್ಲಿ ಇಟ್ಟುಕೊಳ್ಳುವ ಚಟ ಬಿಡಿ. ಅಲ್ಲಿಗೆ ಹೊಸದು ಉಳಿಸಿದ್ದನ್ನೆಲ್ಲ ಹಳೆಯದು ತಿಂದುಹಾಕುತ್ತದೆ. ಎಕ್ಸ್‌ಚೇಂಜಿಗೆ ಕೊಟ್ಟು ಕಳಿಸಿ.

ಹೆಜ್ಜೆ 5: ಸೆಕೆ

ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ ಎಷ್ಟೇ ಸುಟ್ಟರೂ ರಾತ್ರಿ ಹೊರಗೆ ತಂಗಾಳಿ ಇರುತ್ತದೆ. ಸೆಕೆ ಇರುವುದು ನಮ್ಮ ಮೋಲ್ಡ್ ಮನೆಗಳ ಒಳಗೆ. ಹಗಲೆಲ್ಲ ಕಾದ ತಾರಸಿ ರಾತ್ರಿ ಹನ್ನೊಂದರವರೆಗೂ ಬಿಸಿ ಇಳಿಸುತ್ತಲೇ ಇರುತ್ತದೆ. ಇದಕ್ಕೆ ಎಸಿ ಮದ್ದಲ್ಲ, ಸುಣ್ಣ ಮದ್ದು. ಶಿವರಾತ್ರಿ ಕಳೆದ ಮೇಲೆ ತಾರಸಿ ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೋಟ್ ಬಳಿಯಿರಿ. ದುಡ್ಡಿದ್ದರೆ ಕೂಲ್ ರೂಫ್ ಪೇಂಟ್. ಮೇಲಿನ ಅಂತಸ್ತಿನ ಕೋಣೆ ಎರಡು ಮೂರು ಡಿಗ್ರಿ ತಂಪಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಪೂರ್ವದ ಕಿಟಕಿ ಮುಚ್ಚಿ ಪರದೆ ಎಳೆಯಿರಿ, ಸಂಜೆ ಏಳಕ್ಕೆ ಎದುರುಬದುರು ಕಿಟಕಿ ತೆರೆಯಿರಿ. ಸೊಳ್ಳೆ ಪರದೆಯ ಜಾಲರಿ ಹಾಕಿಸಿದರೆ ಮಾತ್ರ ಇದು ನಡೆಯುವ ಮಾತು, ಗೊತ್ತಲ್ಲ.

ಫ್ಯಾನಿನ ಲೆಕ್ಕ ಸುಲಭ. ಹಳೇ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸು. ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 13 ಯೂನಿಟ್ ಉಳಿತಾಯ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕಿಲ್ಲ, ಮಲಗುವ ಕೋಣೆಯದ್ದು ಮೊದಲು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ, ನೋಡಿ ತಗೊಳ್ಳಿ. ಗೋಡೆಯಲ್ಲಿ ಇನ್ನೂ ಆ ಹಳೇ ದಪ್ಪ ಡಬ್ಬಿ ರೆಗ್ಯುಲೇಟರ್ ಇದೆಯಾ? ಅದು ಫ್ಯಾನನ್ನು ನಿಧಾನ ಮಾಡಿ, ಉಳಿದ ಕರೆಂಟನ್ನು ತಾನು ಬಿಸಿಯಾಗಿ ಕಳೆಯುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿ. ಎಸಿ ಇದ್ದೇ ಇದೆ ಅನ್ನುವವರು 26ಕ್ಕೆ ಇಟ್ಟು, ಜೊತೆಗೆ ಫ್ಯಾನ್ ನಿಧಾನವಾಗಿ ಹಾಕಿಕೊಳ್ಳಿ.

ಹೆಜ್ಜೆ 6: ಅಡುಗೆಮನೆ

ಅವರೆಕಾಳು, ಹುರುಳಿ, ಕಡಲೆ ಯಾವುದೇ ಒಣಕಾಳು ಆದರೂ ರಾತ್ರಿಯೇ ನೆನೆಹಾಕಿ. ಕುಕ್ಕರಿನಲ್ಲಿ ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ. ಒಳಗೆ ಒತ್ತಡ ನಿಂತಿದ್ದರೆ ಸಾಕು, ದೊಡ್ಡ ಉರಿಯಲ್ಲಿ ಸೀಟಿ ಮೇಲೆ ಸೀಟಿ ಹೊಡೆಸಿದರೆ ಹೊರಗೆ ಹೋಗುವುದು ಆವಿ ಮಾತ್ರ. ಮುದ್ದೆಗೆ ಎಸರು ಇಡುವಾಗ ತಟ್ಟೆ ಮುಚ್ಚಿ. ಉರಿ ನೀಲಿ ಇರಬೇಕು. ಹಳದಿ ಬಂದು ಪಾತ್ರೆ ತಳ ಕಪ್ಪಾಗುತ್ತಿದ್ದರೆ ಬರ್ನರ್ ಕ್ಲೀನ್ ಮಾಡಿ. ಅನ್ನ, ಬೇಳೆ, ತರಕಾರಿ ಒಂದೇ ಕುಕ್ಕರಿನ ಡಬ್ಬಿಗಳಲ್ಲಿ ಬೇಯಿಸುವುದು ಎಲ್ಲರಿಗೂ ಗೊತ್ತಿರುವುದೇ.

ಹೆಜ್ಜೆ 7: ಕೆಲಸಗಳನ್ನು ಮಧ್ಯಾಹ್ನಕ್ಕೆ ತಳ್ಳಿ

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತೇನೆ. ಪಾವಗಡದ ಸೋಲಾರ್ ಪಾರ್ಕ್ ಒಂದರಲ್ಲೇ 2050 ಮೆಗಾವ್ಯಾಟ್ ಸಾಮರ್ಥ್ಯ ಇದೆ. ಹಗಲು ಹತ್ತರಿಂದ ಮೂರರವರೆಗೆ ರಾಜ್ಯದ ಗ್ರಿಡ್‌ಗೆ ಬಿಸಿಲಿನ ಕರೆಂಟ್ ಧಾರಾಳವಾಗಿ ಬರುತ್ತದೆ. ಸಂಜೆ ಆರಾದ ಮೇಲೆ ಅದು ನಿಂತುಹೋಗುತ್ತದೆ. ಅದೇ ಹೊತ್ತಿಗೆ ಎಲ್ಲ ಮನೆಗಳ ಲೈಟು, ಟಿವಿ, ಮಿಕ್ಸಿ ಶುರುವಾಗುತ್ತದೆ, ಕಲ್ಲಿದ್ದಲಿನ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ಅದೇ ಒಂದು ಯೂನಿಟ್ ಮಧ್ಯಾಹ್ನ ಬಳಸಿದರೆ ಪರಿಸರಕ್ಕೆ ಕಡಿಮೆ ಪೆಟ್ಟು. ವಾಷಿಂಗ್ ಮೆಷಿನ್, ದೋಸೆ ಹಿಟ್ಟು ರುಬ್ಬುವುದು, ಇಸ್ತ್ರಿ, ಸಂಪಿನ ಮೋಟಾರು, ಇವೆಲ್ಲ ಹಗಲಿಗೆ ಬರಲಿ. ಕೆಲಸಕ್ಕೆ ಹೋಗುವವರು ಭಾನುವಾರಕ್ಕೆ ಇಟ್ಟುಕೊಳ್ಳಬಹುದು. ಬಟ್ಟೆ ತಣ್ಣೀರಲ್ಲೇ ಒಗೆಯಿರಿ, ಒಣಗಿಸಲು ನಮ್ಮ ಬಿಸಿಲು ಸಾಲದೇ?

ಅಂದಹಾಗೆ, 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟ್ ಮೊದಲು ಬಂದದ್ದು ನಮ್ಮ ಜಿಲ್ಲೆಗೇ, ಕೆಜಿಎಫ್ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಉರಿದದ್ದು ಅದಾದ ಮೇಲೆ, 1905ರಲ್ಲಿ. ಆಗ ಬಂದದ್ದು ಪೂರ್ತಿ ನೀರಿನ ಕರೆಂಟು.

ಹೆಜ್ಜೆ 8: ಚಾವಣಿ ಮೇಲೆ ಸೋಲಾರ್ ಪ್ಯಾನಲ್

ಇದನ್ನು ಬೇಕೆಂದೇ ಕೊನೆಗಿಟ್ಟಿದ್ದೇನೆ. ಮೇಲಿನದ್ದೆಲ್ಲ ಮಾಡಿದ ಮೇಲೆ ನಿಮಗೆ ಬೇಕಾಗುವ ಪ್ಯಾನಲ್ಲೇ ಚಿಕ್ಕದಾಗುತ್ತದೆ. ಮೊದಲೇ ಹಾಕಿಸಿದರೆ ಸೋರಿಕೆಗೂ ಸೇರಿಸಿ ಪ್ಯಾನಲ್ ಕೊಂಡ ಹಾಗಾಯಿತು.

1 ಕಿಲೋವ್ಯಾಟಿಗೆ ನೆರಳಿಲ್ಲದ 100 ಚದರಡಿ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. 2024ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಅಥವಾ ಹೆಚ್ಚಿಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುವ ಮನೆಗೆ ದುಡ್ಡಿನ ಲೆಕ್ಕದಲ್ಲಿ ಇದು ಸದ್ಯಕ್ಕೆ ಗಿಟ್ಟುವುದಿಲ್ಲ, ಸುಳ್ಳು ಹೇಳಲ್ಲ. ಪ್ರತಿ ತಿಂಗಳು 200 ದಾಟುವ ಮನೆಗೆ, ಕೆಳಗೆ ಅಂಗಡಿ ಮೇಲೆ ಮನೆ ಇರುವವರಿಗೆ, ಬಾಡಿಗೆ ಮನೆಗಳಿರುವ ಕಟ್ಟಡದವರಿಗೆ ಗಿಟ್ಟುತ್ತದೆ.

ಅರ್ಜಿ ಹಾಕುವ ಮುಂಚೆ ಮೀಟರ್ ಯಾರ ಹೆಸರಲ್ಲಿದೆ ನೋಡಿ. ತೀರಿಹೋದ ತಾತನ ಹೆಸರಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆ ಮಾಡಿಸಿ. ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಿ, ಇಲ್ಲದಿದ್ದರೆ ಸಬ್ಸಿಡಿ ಬರುವುದಿಲ್ಲ. ಪ್ಯಾನಲ್ ತೊಳೆಯಲು ಹತ್ತಲು ಏಣಿ, ಪಕ್ಕದಲ್ಲೇ ಒಂದು ನಲ್ಲಿ, ಎರಡಕ್ಕೂ ಆಗಲೇ ಜಾಗ ಬಿಡಿಸಿಕೊಳ್ಳಿ. ಕ್ರಷರ್, ಕ್ವಾರಿ ಹತ್ತಿರದ ಊರುಗಳಲ್ಲಿ ಧೂಳು ಬೇಗ ಕೂರುತ್ತದೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಒರೆಸಬೇಕು. ಬೋರಿನ ಗಡಸು ನೀರು ಸುರಿದು ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಅದರಲ್ಲೇ ತೊಳೆಯಿರಿ, ಬೆಳಗ್ಗೆ ಪ್ಯಾನಲ್ ಕಾಯುವ ಮುಂಚೆ.